ತಬಿತಾ ಒಡೆದ ಗೋಡೆ

ತಬಿತಾ ಶಾಕ್ರಾಸಳನ್ನು ದೇವರ ಹೊಲದಲ್ಲಿ ಮಣ್ಣು ಮಾಡಿದ ದಿನ ಅವಳ ಬಾಳಿನ ಕಥೆ ಓದಿ ಮುಗಿಸುವುದಕ್ಕೆ ಬಟ್ಟಲಿನ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಗ್ರೇಸ್‌ಬ್ರೂಕಿನ ಮೊರೇವಿಯನ್ ಕ್ರೈಸ್ತ ಸಭೆಯವರಾದ ನಾವು ಸಾಯುವ ಮುಂಚೆ ನಮ್ಮ ನಮ್ಮ ಬಾಳನ್ನು ನಾವೇ ಬರೆದಿಟ್ಟಿರಬೇಕು; ಮಣ್ಣಿನ ದಿನ ಅದನ್ನು ಎಲ್ಲರ ಮುಂದೆ ಓದುತ್ತಾರೆ. ಕೆಲವರು ಚಿಕ್ಕಂದಿನಲ್ಲಿ ಕದ್ದ ಸೇಬಿನಿಂದ ಹಿಡಿದು ಮುಪ್ಪಿನ ಕೀಲುನೋವಿನವರೆಗೆ ಒಂದನ್ನೂ ಬಿಟ್ಟಿರುವುದಿಲ್ಲ, ಕೇಳುವವರ ಕತ್ತು ತೂಗಾಡತೊಡಗುತ್ತದೆ. ತಬಿತಾ ಬರೆದದ್ದು ಇಷ್ಟೇ: ಇಟ್ಟಿಗೆ ಮಾಡಿದೆ, ಮದುವೆಯಾದೆ, ವಿಧವೆಯಾದೆ, ಕರ್ತನು ನನ್ನ ಕೈ ಬಿಡಲಿಲ್ಲ, ನಾನೂ ಹಿಡಿದ ಕೈ ಬಿಡಲಿಲ್ಲ.

ಓದಿದ ಪಾದ್ರಿಗಳು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಅವಳು ಬಿಟ್ಟದ್ದನ್ನು ಯಾರಾದರೂ ಹೇಳಬೇಕಲ್ಲ.

ಚರ್ಚಿನ ಅಂಗಳಕ್ಕೆ ಮುಖ ಮಾಡಿ ನಿಂತಿರುವ ನಮ್ಮ ಕೆಂಪಿಟ್ಟಿಗೆಯ ಸಾಲುಮನೆಗಳನ್ನು ಕಟ್ಟಿಕೊಟ್ಟವರು ಹೊರಗಿನವರಲ್ಲ. ಮಣ್ಣು ಹಿಂದಿನ ಬಯಲಿನದು, ಕೈ ನಮ್ಮವರದು. ತಬಿತಾ ಆಗ ಕೆಂಪು ರಿಬ್ಬನ್ನಿನ ಕುಲಾವಿ ಕಟ್ಟುವ ಹುಡುಗಿ; ನಮ್ಮಲ್ಲಿ ಮದುವೆಯಾಗದವರಿಗೆ ಕೆಂಪು, ಮದುವೆಯಾದವರಿಗೆ ನೀಲಿ, ವಿಧವೆಯರಿಗೆ ಬಿಳಿ. ಅಚ್ಚಿನ ಮೇಜಿನ ಮುಂದೆ ನಿಂತು ಬೆಳಗಿನಿಂದ ಸಂಜೆಯವರೆಗೆ ಜೇಡಿಮಣ್ಣಿನ ಮುದ್ದೆಯನ್ನು ಅಚ್ಚಿಗೆ ಬಡಿಯುತ್ತಿದ್ದಳು. ಅವಳ ಮುಂಗೈ ಕಮ್ಮಾರನ ಮುಂಗೈಯ ಹಾಗೆ ಆದದ್ದು ಆಗಲೇ. ಗೋಡೆ ಎಬ್ಬಿಸುತ್ತಿದ್ದ ಮೇಸ್ತ್ರಿ ಜೇಬೆಜ್ ಶಾಕ್ರಾಸ್ ಅವಳ ಇಟ್ಟಿಗೆಗಳನ್ನೇ ಮೂಲೆಗೆ ಆರಿಸಿ ಇಡುತ್ತಿದ್ದ. ಅವನ ಮಗ ಈನಾಕ್ ಇಟ್ಟಿಗೆಗೂಡು ಸುಡುತ್ತಿದ್ದ. ಮಣ್ಣು ಬಡಿಯುವವಳಿಗೂ ಸುಡುವವನಿಗೂ ಮಾತುಕತೆ ಬೆಳೆದದ್ದು ದೊಡ್ಡ ವಿಚಿತ್ರವೇನಲ್ಲ. ಹಿರಿಯರು ರೂಢಿಯಂತೆ ಚೀಟಿ ಎತ್ತಿದರು. ಪೆಟ್ಟಿಗೆಯಲ್ಲಿ 'ಹೌದು' ಒಂದು, 'ಇಲ್ಲ' ಒಂದು, ಇನ್ನೂ ಕಾಯಿರಿ ಅನ್ನುವುದಕ್ಕೆ ಏನೂ ಬರೆಯದ್ದು ಒಂದು. ಎತ್ತಿದ ಚೀಟಿ ಕರ್ತನ ಮಾತು. 'ಹೌದು' ಬಂತು. ತಬಿತಾಳ ಕುಲಾವಿಗೆ ನೀಲಿ ರಿಬ್ಬನ್ನು ಬಂತು, ಸಾಲಿನ ಕೊನೆಯಿಂದ ಎರಡನೇ ಮನೆ ಸಿಕ್ಕಿತು. ಕೊನೆಯದು, ಅವಳ ಗೋಡೆಗೆ ಗೋಡೆ ಅಂಟಿಕೊಂಡು ನಿಂತದ್ದು, ವಿಧವೆಯರ ಮನೆ.

ಮಕ್ಕಳಾಗಲಿಲ್ಲ. ಜೇಬೆಜನ ಹೆಂಡತಿ ತೀರಿಕೊಂಡಳು. ಸುಣ್ಣ ಅರಳಿಸುವಾಗ ಮುಖಕ್ಕೆ ಸಿಡಿದು ಜೇಬೆಜನ ಕಣ್ಣು ಹೋಯಿತು. ಮಾವ, ಮಗ, ಸೊಸೆ ಮೂವರೇ ಆ ಮನೆಯಲ್ಲಿ ಒಲೆ ಸುತ್ತ ಕೂತು ಬಹಳ ಕಾಲ ಬಾಳಿದರು. ಒಂದು ಚಳಿಗಾಲದಲ್ಲಿ ಈನಾಕನಿಗೆ ಎದೆಯ ಜ್ವರ ಬಂತು, ವಸಂತದ ಹೊತ್ತಿಗೆ ಅವನೂ ದೇವರ ಹೊಲ ಸೇರಿದ.

ಇನ್ನೂ ವಾರ ಕಳೆದಿರಲಿಲ್ಲ, ಸಭೆಯ ಪಾರುಪತ್ಯಗಾರ ಲೆಮ್ಯುಯೆಲ್ ಕರ್ಶಾ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಚಿಕ್ಕ ಪೊಟ್ಟಣ. ಬಿಚ್ಚದೆಯೇ ತಬಿತಾಳಿಗೆ ಗೊತ್ತಾಯಿತು, ಬಿಳಿ ರಿಬ್ಬನ್ನು.

"ಕೂತ್ಕೋ ಕರ್ಶಾಣ್ಣ. ರೊಟ್ಟಿ ಬೇಯ್ತಾ ಇದೆ."

"ಕೂರಕ್ಕೆ ಬಂದಿಲ್ಲ ತಂಗಿ. ಕ್ರಮ ನಿಂಗೆ ಗೊತ್ತಿರೋದೇ. ಪಕ್ಕದ ಮನೇಲಿ ಪ್ರಿಸಿಲಾಕ್ಕ ನಿನಗೆ ಹಾಸಿಗೆ ಹಾಸಿಟ್ಟಿದ್ದಾಳೆ. ಈ ಮನೆ ಬೇಕರಿ ರೂಬೆನ್‌ಗೆ ಆಗ್ಬೇಕು, ಅವನ ಮದುವೆ ಹತ್ರ ಬಂತು."

"ಮಾವ?"

"ಜೇಬೆಜಣ್ಣ ಅಂಗಳದಾಚೆ, ಒಂಟಿ ಸಹೋದರರ ಮನೆಗೆ."

ಒಲೆಯ ಪಕ್ಕದ ಕುರ್ಚಿಯಿಂದ ಜೇಬೆಜ್ ತಲೆಯೆತ್ತಿದ. "ಎಂಬತ್ತಕ್ಕೆ ಬ್ರಹ್ಮಚಾರಿ ಮಾಡ್ತೀರೇನಪ್ಪ ನನ್ನ. ಇಪ್ಪತ್ತರಲ್ಲೇ ಹೇಳಿದ್ರೆ ತಯಾರಿ ಮಾಡ್ಕೋತಿದ್ದೆ."

"ಹಾಗಲ್ಲ ಜೇಬೆಜಣ್ಣ. ಗಂಡ ಸತ್ತೋಳು, ಹೆಂಡ್ತಿ ಸತ್ತೋನು, ಒಂದೇ ಸೂರಿನಡಿ ಇರೋ ಹಂಗಿಲ್ಲ ನಮ್ಮಲ್ಲಿ. ಹೊರಗಿನೋರು ಏನಂದಾರು."

"ಏನಂತಾರೆ ಕರ್ಶಾಣ್ಣ, ಬಾಯ್ಬಿಟ್ಟು ಹೇಳು," ಎಂದಳು ತಬಿತಾ. "ಮಾವಂಗೂ ಕೇಳ್ಲಿ."

ಕರ್ಶಾನ ಕಿವಿ ಕೆಂಪಾಯಿತು. ಜೇಬೆಜ್ ಅವನ ನೆರವಿಗೆ ಬಂದ. "ಅಂದ್ಕೊಳ್ಳಿ ಬಿಡಮ್ಮ. ಈ ವಯಸ್ಸಲ್ಲಿ ನನ್ನ ಮೇಲೆ ಅಂಥ ಅನುಮಾನ ಪಡೋರು ಸಿಕ್ಕಿದ್ರೆ ಎದ್ದು ನಿಂತು ಟೋಪಿ ತೆಗೀತೀನಿ."

ಕರ್ಶಾ ಕೆಟ್ಟವನಲ್ಲ. ಕ್ರಮ ಅಂದರೆ ಅವನಿಗೆ ಚಳಿಗಾಲದ ಕೋಟಿನ ಹಾಗೆ, ಬಿಚ್ಚಿದರೆ ಎಲ್ಲಿ ನೆಗಡಿಯಾಗುವುದೋ ಎಂಬ ಭಯ. ಆದರೆ ತಬಿತಾ ನೋಡಿದ್ದನ್ನು ಅವನು ನೋಡಿರಲಿಲ್ಲ. ಈನಾಕನ ಕಾಯಿಲೆ ಜೋರಾಗಿದ್ದಾಗ ಮುದುಕನನ್ನು ಕೆಲವು ದಿನ ಒಂಟಿ ಸಹೋದರರ ಮನೆಯಲ್ಲಿ ಇರಿಸಿದ್ದರು. ಅವಳು ಗಂಜಿ ತೆಗೆದುಕೊಂಡು ಹೋದಾಗ ಅವನು ನೆಲದ ಮೇಲೆ ಮುದುಡಿ ಕೂತಿದ್ದ, ಬೆನ್ನು ಗೋಡೆಗೆ, ಎರಡು ಅಂಗೈಯೂ ನೆಲಕ್ಕೆ. "ಇಲ್ಲಿ ಗೋಡೆಗೆಲ್ಲ ಗಿಲಾವು ಬಳಿದಿದ್ದಾರೆ ಕಣಮ್ಮ," ಎಂದಿದ್ದ. "ನುಣ್ಣಗಿದೆ. ಕೈಗೆ ಏನೂ ಹೇಳಲ್ಲ." ಸಾಲುಮನೆಯ ಮುಂದೆ ಅದೇ ಮುದುಕ ಅಂಗೈಯನ್ನು ಇಟ್ಟಿಗೆಯ ಮೇಲೆ ಸವರಿಕೊಂಡು ಪಂಪಿನವರೆಗೆ, ಬೇಕರಿಯವರೆಗೆ, ಚರ್ಚಿನವರೆಗೆ ಕೋಲಿಲ್ಲದೆ ನಡೆಯುತ್ತಿದ್ದ. ಯಾವ ಬಾಗಿಲು ಯಾರದೆಂದು ಸಂದಿಯ ಗಾರೆ ಮುಟ್ಟಿ ಹೇಳುತ್ತಿದ್ದ. ಗೋಡೆ ಇರುವವರೆಗೆ ಅವನು ಕುರುಡನಲ್ಲ. ಅಲ್ಲಿಂದ ಕಿತ್ತರೆ ಅವನು ಉಳಿಯುವುದಿಲ್ಲ ಎಂದು ತಬಿತಾಳಿಗೆ ಖಾತ್ರಿಯಿತ್ತು.

ಅವಳು ಪೊಟ್ಟಣವನ್ನು ಮುಟ್ಟಲಿಲ್ಲ. "ಬಿಳೀದು ಕಟ್ಕೋತೀನಿ ಕರ್ಶಾಣ್ಣ, ಇಲ್ಲ ಅನ್ನಲ್ಲ. ಈ ಮನೇಲಿ ನನ್ನ ಸೊಸೆ ಅನ್ನೋ ಬಾಯಿ ಇರೋ ತನಕ ಕಟ್ಕೊಳಲ್ಲ."

"ಮನೆ ಸಭೇದು ತಂಗಿ. ಇಟ್ಟಿಗೆ ಕರ್ತಂದು."

"ಆಗ್ಲಿ. ಮನೆ ಹೊತ್ಕೊಂಡು ಹೋಗ್ತೀನಿ ಅಂದ್ನಾ ನಾನು? ಇಟ್ಟಿಗೆ ಕರ್ತಂದೇ ಇರ್ಲಿ. ಮಣ್ಣು ಬಡಿಯೋವಾಗ ನೋಯ್ತಿದ್ದ ಬೆನ್ನು ಮಾತ್ರ ನಂದಾಗಿತ್ತು."

ಆ ಭಾನುವಾರ ಅವಳು ನೀಲಿ ರಿಬ್ಬನ್ನಿನಲ್ಲೇ ಚರ್ಚಿಗೆ ಬಂದಳು. ಮದುವೆಯಾದ ಹೆಂಗಸರ ಬೆಂಚಿನಲ್ಲಿ, ತನ್ನ ಹಳೆಯ ಜಾಗದಲ್ಲಿ, ನೆಟ್ಟಗೆ ಕೂತಳು. ಮುಂದಿನ ಭಾನುವಾರವೂ ಹಾಗೆಯೇ. ಮೂರನೆಯ ವಾರ ಪ್ರೀತಿಯೂಟ ಇತ್ತು. ಹಾಡುಗಳ ನಡುವೆ ಎಲ್ಲರೂ ಕೂತಲ್ಲೇ ಒಂದೇ ಬುಟ್ಟಿಯ ಬನ್ನು ತಿಂದು, ಒಂದೇ ಹಂಡೆಯ ಚಹಾ ಕುಡಿಯುವ ಊಟ ಅದು. ಮುನಿಸಿಕೊಂಡವರು ಅಲ್ಲಿ ರಾಜಿಯಾಗುತ್ತಾರೆ. ಅಂದು ಬುಟ್ಟಿ ತಬಿತಾಳ ಮುಂದೆ ನಿಲ್ಲದೆ ದಾಟಿಹೋಯಿತು. ಬುಟ್ಟಿ ಹಿಡಿದವಳು ವಿಧವೆಯರ ಮನೆಯ ಮೇಲ್ವಿಚಾರಕಿ ಪ್ರಿಸಿಲಾ ಎಂಟ್ವಿಸಲ್. ಎತ್ತರದ ಒಣಕಲು ಹೆಂಗಸು. ಕಣ್ಣು ಕೂಡ ತಿರುಗಿಸಲಿಲ್ಲ.

ತಬಿತಾ ಮಡಿಲಿಗೆ ಕೈ ಹಾಕಿದಳು. ಮನೆಯಲ್ಲಿ ಬೇಯಿಸಿದ ಬನ್ನೊಂದನ್ನು ತೆಗೆದಳು, ಮುಚ್ಚಳದ ತವರದ ಲೋಟವನ್ನೂ ತೆಗೆದಳು. ಎಲ್ಲರೂ ಮೌನವಾಗಿ ತಿನ್ನುವಾಗ ಅವಳೂ ಮೌನವಾಗಿ ತಿಂದಳು. ತಾನು ಹೊರಗಿನವಳಲ್ಲ ಎಂದು ಅದಕ್ಕಿಂತ ಗಟ್ಟಿಯಾಗಿ ಹೇಳುವುದು ಸಾಧ್ಯವಿರಲಿಲ್ಲ.

ಗಂಡಸರ ಕಡೆಯಿಂದ ಜೇಬೆಜನ ದನಿ ಬಂತು. "ತಬಿತಾ, ನಿನ್ನದ್ರಲ್ಲಿ ದ್ರಾಕ್ಷಿ ಹಾಕಿದ್ಯೇನಮ್ಮ? ಇವರದ್ರಲ್ಲಿ ಹುಡುಕಿದ್ರೂ ಸಿಗ್ತಿಲ್ಲ."

ಮಕ್ಕಳ ಬೆಂಚು ಕಿಸಕ್ಕೆಂದಿತು. ಪಾದ್ರಿಗಳು ಮುಂದಿನ ಹಾಡನ್ನು ಬೇಗ ಎತ್ತಿಕೊಂಡರು.

ಇನ್ನು ಸುಮ್ಮನಿದ್ದರೆ ಸಭೆಯ ಮಾನ ಉಳಿಯುವುದಿಲ್ಲ ಎಂದು ಹಿರಿಯರು ಸೇರಿದರು. ಅಪ್ಪಣೆ ಮಾಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಪ್ಪಣೆ ಮಾಡಿದವರ ಹೆಸರು ಊರ ಬಾಯಲ್ಲಿ ಉಳಿಯುತ್ತದೆ. ಯಾರಿಗೂ ಅದು ಬೇಡವಾಗಿತ್ತು. ಹಾಗಾಗಿ ನಮ್ಮವರು ಮಾತ್ರ ಮಾಡಬಲ್ಲ ತಪ್ಪನ್ನು ಮಾಡಿದರು, ಚೀಟಿ ಎತ್ತಲು ಹೊರಟರು. ತಬಿತಾಳನ್ನು ಕರೆಸಿದರು. ಪ್ರಶ್ನೆಯನ್ನು ಪಾದ್ರಿಗಳು ಓದಿದರು: ತಬಿತಾ ಸಹೋದರಿಯು ಶನಿವಾರದೊಳಗೆ ವಿಧವೆಯರ ಮನೆಗೆ ಹೋಗಿ ನೆಲೆಸಬೇಕೇ?

"ತೆಗೆಯೋ ಮೊದ್ಲು ಒಂದು ಮಾತು," ಎಂದಳು ತಬಿತಾ. "ಆಮೇಲೆ ಬುದ್ಧಿ ಬದಲಾಯಿಸಿದ್ಲು ಅನ್ನಬಾರದು ಯಾರೂ. ಯಾವ ಚೀಟಿ ಬಂದ್ರೂ ನಾನು ಮಾವನ ಕೈ ಬಿಡೋಳಲ್ಲ."

"ಕರ್ತನ ಮುಂದೆ ಶರತ್ತು ಹಾಕ್ತೀಯಾ?" ಎಂದ ಕರ್ಶಾ.

"ಕರ್ತಂಗೆ ಇದು ಮೊದ್ಲೇ ಗೊತ್ತು. ನಾನು ಹೇಳಿದ್ದು ನಿಮಗೆ."

'ಹೌದು' ಬಂತು.

ತಬಿತಾ ಆ ಚೀಟಿಯನ್ನು ಕೈಗೆತ್ತಿಕೊಂಡು ನೋಡಿದಳು. ಅವಳ ಮದುವೆಗೆ ಬಂದದ್ದೂ ಇದೇ ಪೆಟ್ಟಿಗೆಯ ಇದೇ ಮಾತು. ಅದನ್ನು ನಂಬಿ ಈನಾಕನ ಜೊತೆ ಬಾಳಿದವಳು ಇದನ್ನು ಸುಳ್ಳು ಅನ್ನುವುದು ಹೇಗೆ? ಆದರೆ ಮುದುಕನ ಅಂಗೈಗಳು ನೆಲಕ್ಕೊತ್ತಿಕೊಂಡಿದ್ದದ್ದು ಕಣ್ಣ ಮುಂದೆ ಬಂತು.

"ಹೋಗ್ತೀನಿ," ಎಂದಳು ಕೊನೆಗೆ. "ಚೀಟಿ ಎಲ್ಲಿಗೆ ಹೋಗು ಅಂದಿದ್ಯೋ ಅಲ್ಲಿಗೆ. ಮಾವನ ವಿಷಯ ನೀವು ಕೇಳಲಿಲ್ಲ, ಅದೂ ಹೇಳಲಿಲ್ಲ."

ಮನೆಗೆ ಬಂದು ಒಲೆಯ ಮುಂದೆ ಕುಸಿದು ಕೂತಾಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂದದ್ದು. ಜೇಬೆಜ್ ಎಲ್ಲ ಕೇಳಿಸಿಕೊಂಡ. ಎದ್ದ. ವಿಧವೆಯರ ಮನೆಯ ಕಡೆಯ ಗೋಡೆಯ ಹತ್ತಿರ ಹೋಗಿ ಅಂಗೈ ಆಡಿಸತೊಡಗಿದ. ಮೊಣಕಾಲೂರಿದ, ಮತ್ತೆ ಎದ್ದ, ಗೆಣ್ಣಿನಿಂದ ಕುಟ್ಟಿದ.

"ಬಾ ಇಲ್ಲಿ. ಇಲ್ಲಿ ಕುಟ್ಟು. ಈಗ ಇಲ್ಲಿ ಕುಟ್ಟು. ಏನನ್ಸುತ್ತೆ?"

"ಇದು ಟೊಳ್ಳು ದನಿ ಮಾವ."

"ಈ ಎರಡು ಮನೆ ಎಬ್ಬಿಸೋವಾಗ ಇಟ್ಟಿಗೆ ಹೊತ್ತೋರು ಸುತ್ತಿ ಬರೋದು ಬೇಡ ಅಂತ ಇಲ್ಲೊಂದು ದಾರಿ ಬಿಟ್ಟಿದ್ದೆ. ಮೇಲೆ ಕಮಾನು ಕಟ್ಟಿದ್ದೀನಿ, ಈಗ್ಲೂ ಇದೆ. ಕೆಲಸ ಮುಗಿದ ಮೇಲೆ ಒಂಟಿ ಇಟ್ಟಿಗೇಲಿ ಮುಚ್ಚಿದೆ. ನೀನೇ ಬಡಿದ ಇಟ್ಟಿಗೆ." ಮುದುಕ ಗೋಡೆಯನ್ನು ಹಸುವಿನ ಬೆನ್ನು ತಟ್ಟುವ ಹಾಗೆ ತಟ್ಟಿದ. "ಚೀಟಿ ಹೇಳ್ದಂಗೆ ನೀನು ಆ ಕಡೆ ಹೋಗು. ನಾನು ಈ ಕಡೆ ಇರ್ತೀನಿ. ಮಧ್ಯದ್ದು ನಾನು ಕಟ್ಟಿದ್ದು, ನನ್ನ ಕೇಳೋರು ಯಾರು?"

ಶನಿವಾರ ಬೆಳಿಗ್ಗೆ ತಬಿತಾ ತನ್ನ ಪೆಟ್ಟಿಗೆ ಹೊತ್ತು, ಮುಂಬಾಗಿಲಿಂದ, ಊರೆಲ್ಲ ನೋಡುವ ಹಾಗೆ ವಿಧವೆಯರ ಮನೆಗೆ ಹೋದಳು. ಗೋಡೆಗೆ ಅಂಟಿದ ಕೆಳಗಿನ ಕೋಣೆಯಲ್ಲಿ ಅವಳಿಗೆ ಹಾಸಿಗೆ ಹಾಕಿದ್ದರು. ಒಲೆಯಿಲ್ಲದ ಕೋಣೆ, ಕಸೂತಿ ಹಾಕುವ ಹೆಂಗಸರು ಬೆರಳಿಗೆ ಉಸಿರೂದಿಕೊಳ್ಳುತ್ತ ಕೂರುವ ಕೋಣೆ. ಅವಳು ಪೆಟ್ಟಿಗೆ ತೆರೆದು ಮೊದಲು ತೆಗೆದದ್ದು ಉಳಿ, ಸುತ್ತಿಗೆ. ತೋಳು ಮಡಿಸಿದಳು. ಕದ್ದು ಮಾಡುವ ಕೆಲಸವಲ್ಲ ಇದು, ಹಗಲು ಹೊತ್ತೇ ಆಗಬೇಕು ಎಂದು ಅವಳ ನಿರ್ಧಾರ.

ಹಳೆಯ ಸುಣ್ಣದ ಗಾರೆ ಉಳಿಯ ತುದಿಗೆ ಬೂದಿಯ ಹಾಗೆ ಉದುರಿತು. ಗೋಡೆಯಾಚೆಯಿಂದಲೂ ಟಕ್ ಟಕ್ ಸದ್ದು. ಸದ್ದು ಕೇಳಿ ಹೆಂಗಸರು ಒಬ್ಬೊಬ್ಬರೇ ಬಾಗಿಲಲ್ಲಿ ಗುಂಪುಗೂಡಿದರು. ಪ್ರಿಸಿಲಾ ಅವರನ್ನು ಸರಿಸಿಕೊಂಡು ಒಳಗೆ ಬಂದಳು.

"ಏನಿದು ತಬಿತಾ?"

"ಬಾಗಿಲು ತೆಗೀತಿದ್ದೀನಿ ಪ್ರಿಸಿಲಾಕ್ಕ."

"ಅಲ್ಲಿ ಬಾಗಿಲೇ ಇಲ್ಲ."

"ಇತ್ತು. ಮಾವ ಮುಚ್ಚಿದ್ರು. ಈಗ ತೆಗೀತಿದ್ದಾರೆ."

ಮೊದಲ ಇಟ್ಟಿಗೆ ಅಲುಗಾಡಿ ಹೊರಗೆ ಬಂತು. ಆ ತೂತಿನಿಂದ ಸುಣ್ಣದಲ್ಲಿ ಬೆಳ್ಳಗಾದ ನಾಲ್ಕು ಬೆರಳು ಹೊರಬಂದು ಗಾಳಿಯಲ್ಲಿ ತಡಕಾಡಿದವು. ತಬಿತಾ ಅವನ್ನು ಹಿಡಿದುಕೊಂಡಳು. ಹೆಂಗಸರಲ್ಲಿ ಯಾರೋ ಮೂಗು ಸೇದಿದರು. ಪ್ರಿಸಿಲಾ ತುಟಿ ಬಿಗಿದುಕೊಂಡು ನಿಂತಿದ್ದಳು, ನಿಲ್ಲಿಸು ಅನ್ನಲಿಲ್ಲ, ಮಾಡು ಅನ್ನಲೂ ಇಲ್ಲ.

ಸಂಜೆಯ ಹೊತ್ತಿಗೆ ಒಬ್ಬ ಮನುಷ್ಯ ಬಗ್ಗದೆ ದಾಟುವಷ್ಟು ದಾರಿ ಆಗಿತ್ತು. ಮೇಲೆ ಜೇಬೆಜನ ಕಮಾನು ಕೂದಲಷ್ಟೂ ಅಲುಗದೆ ನಿಂತಿತ್ತು. ಕಿತ್ತ ಇಟ್ಟಿಗೆಗಳನ್ನು ತಬಿತಾ ಒಂದೊಂದಾಗಿ ಒರೆಸಿ, ಗಾರೆ ಕೆರೆದು, ಹಿತ್ತಿಲಲ್ಲಿ ಮೊಣಕಾಲೆತ್ತರಕ್ಕೆ ಜೋಡಿಸಿಟ್ಟಿದ್ದಳು.

ಹಿರಿಯರು ಜೇಬೆಜನ ಮನೆಯ ಕಡೆಯಿಂದ ಬಂದರು. ಆಚೆಗೆ ದಾಟುವ ಹಾಗಿಲ್ಲ, ಅದು ವಿಧವೆಯರ ಮನೆ. ಇಣುಕಿದರೆ ಹೆಂಗಸರು ಕಾಣುತ್ತಾರೆ, ಇಣುಕದಿದ್ದರೆ ತೂತು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಕರ್ಶಾ ಸೂರು ನೋಡುತ್ತ ಮಾತಾಡಿದ.

"ಇದನ್ನ ಮುಚ್ಚಲೇಬೇಕು. ರೂಬೆನ್ ಸಂಸಾರ ಮಾಡೋ ಮನೆ ಇದು."

ರೂಬೆನ್ ಅವರ ಹಿಂದೆಯೇ ನಿಂತಿದ್ದ. "ಬೇಡ ಕರ್ಶಾಣ್ಣ," ಎಂದ, "ಮನೇಲೊಂದು ವಿಧವೆಯರ ಬಾಗಿಲಿದ್ರೆ ಮದುವೇನೇ ಬೇಡ ಅಂತಿದ್ದಾಳೆ ನಮ್ಮುಡುಗಿ. ನಂಗೆ ಬೇಕರಿ ಮೇಲಿನ ಕೋಣೇನೇ ಸಾಕು."

"ಹುಡುಗಿ ಹೇಳಿದ್ದು ಸರಿ," ಎಂದ ಜೇಬೆಜ್ ಕುರ್ಚಿಯಿಂದ. "ಕಣ್ಣಿರೋ ಗಂಡಸ್ನ ಇಲ್ಲಿ ಇಡೋ ಹಂಗಿಲ್ಲ ಈಗ. ಇಡೀ ಸಭೇಲಿ ಈ ಮನೆಗೆ ಯೋಗ್ಯ ಗಂಡಸು ನಾನೊಬ್ನೇ. ನೋಡಿ, ಏನೂ ಕಾಣಲ್ಲ."

ಹಿರಿಯರಲ್ಲೊಬ್ಬರು ಕೆಮ್ಮಿ ಮುಖ ಆಚೆ ತಿರುಗಿಸಿದರು. ಕರ್ಶಾ ನಗಲಿಲ್ಲ. "ಸೋಮವಾರ ಗಾರೆಯವರು ಬರ್ತಾರೆ."

ತಬಿತಾ ಕಮಾನಿನ ಕೆಳಗೆ ಬಂದು ನಿಂತಳು, ಎರಡೂ ಕೈ ಎರಡೂ ಬದಿಗೆ ಆನಿಸಿ. "ಬರ್ಲಿ. ಇಟ್ಟಿಗೆ ಒರೆಸಿ ಜೋಡಿಸಿಟ್ಟಿದ್ದೀನಿ, ಹುಡುಕೋ ಕೆಲ್ಸ ಇಲ್ಲ. ನನ್ನ ಮಧ್ಯ ನಿಲ್ಲಿಸ್ಕೊಂಡೇ ಕಟ್ಲಿ."

"ಎರಡೂ ಕಡೆಯಿಂದ ಕೈ ಹಾಕದೆ ಇದು ಮುಚ್ಚಲ್ಲ ಲೆಮ್ಯುಯೆಲ್ಲು," ಎಂದ ಜೇಬೆಜ್. "ಆ ಕಡೆ ಗಂಡಸರು ಹೋಗ್ಬೇಕು ಅಂದ್ರೆ ಅಪ್ಪಣೆ ಕೊಡೋಳು ನಾನಲ್ಲ, ನೀನೂ ಅಲ್ಲ."

ಎಲ್ಲರ ಕಣ್ಣೂ, ಸೂರು ನೋಡುತ್ತಿದ್ದ ಕರ್ಶಾನ ಕಣ್ಣೂ, ಪ್ರಿಸಿಲಾಳ ಕಡೆ ತಿರುಗಿತು. ಬನ್ನಿನ ಬುಟ್ಟಿ ದಾಟಿಸಿದವಳು ಇವಳೇ. ಪ್ರಿಸಿಲಾ ಮುಂದೆ ಬಂದು ತೆರೆದ ಜಾಗದಲ್ಲಿ ಕೈ ಚಾಚಿದಳು. ಜೇಬೆಜನ ಒಲೆಯ ಬಿಸಿ ಅವಳ ಒಣಕಲು ಬೆರಳುಗಳಿಗೆ ತಾಗಿತು. ಕೈ ಹಾಗೆಯೇ ಹಿಡಿದುಕೊಂಡು ನಿಂತಳು.

"ನಾನು ಈ ಮನೆಗೆ ಬಂದಾಗ ನಮ್ಮಮ್ಮನ್ನ ಬಿಟ್ಟು ಬಂದೆ," ಎಂದಳು. "ಹಾಸಿಗೆ ಹಿಡಿದಿದ್ಲು. ಬೇರೆಯೋರು ನೋಡ್ಕೊಂಡ್ರು, ಚೆನ್ನಾಗೇ ನೋಡ್ಕೊಂಡ್ರು. ಕೊನೇಲಿ ನನ್ನ ಹೆಸರು ಕರೆದ್ಲಂತೆ. ಆಗ ಯಾರೂ ಗೋಡೆ ಒಡೀಲಿಲ್ಲ. ನಾನೂ ಒಡೀಲಿಲ್ಲ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಈ ಮನೆ ಹೊಸ್ತಿಲು ದಾಟಕ್ಕೆ ಗಂಡಸರಿಗೆ ಅಪ್ಪಣೆ ಇಲ್ಲ ಕರ್ಶಾಣ್ಣ. ಗಾರೆಯೋರಿಗೂ ಇಲ್ಲ. ಅದೂ ಕ್ರಮಾನೇ." ಹೇಳಿ ತಿರುಗಿ ಹೆಂಗಸರಿಗೆ, "ಕಸೂತಿ ಚೌಕಟ್ಟು ಎಲ್ಲ ಈ ಗೋಡೆ ಹತ್ರ ತನ್ನಿ. ಬೆಚ್ಚಗಿದೆ," ಎಂದಳು.

ಮುಂದಿನ ಪ್ರೀತಿಯೂಟದಲ್ಲಿ ಬುಟ್ಟಿ ತಬಿತಾಳ ಮುಂದೆ ನಿಂತಿತು. ಅವಳು ಒಂದು ಬನ್ನು ತೆಗೆದುಕೊಂಡಳು. ಪ್ರಿಸಿಲಾ ಬುಟ್ಟಿ ಅಲುಗಿಸದೆ ನಿಂತೇ ಇದ್ದಳು, ಎರಡನೆಯದನ್ನೂ ತೆಗೆದುಕೊಳ್ಳುವವರೆಗೆ. ಆಗಲೂ ತಬಿತಾಳ ಕುಲಾವಿಯಲ್ಲಿ ಇದ್ದದ್ದು ನೀಲಿ ರಿಬ್ಬನ್ನೇ. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಜೇಬೆಜ್ ಇನ್ನೂ ಹಲವು ಚಳಿಗಾಲ ಬದುಕಿದ. ಹಗಲೆಲ್ಲ ಆ ದಾರಿಯ ಆಚೆಗೆ ಹೆಂಗಸರ ಸೂಜಿ, ಈಚೆಗೆ ಮುದುಕನ ಬಾಯಿ. ಒಬ್ಬಳ ಹಾಡು ಸರಿಯಿಲ್ಲ, ಒಬ್ಬಳ ಗಂಜಿಗೆ ಉಪ್ಪಿಲ್ಲ, ಹೀಗೆ. ಅವನ ಬಾಯಿ ಒಂದು ದಿನ ಸುಮ್ಮನಾದರೆ ಹೆಂಗಸರು ಕೆಲಸ ನಿಲ್ಲಿಸಿ ಇಣುಕುತ್ತಿದ್ದರು. ಸತ್ತದ್ದು ತನ್ನ ಹಾಸಿಗೆಯಲ್ಲಿ, ಒಂದು ಕೈ ಸೊಸೆಯ ಕೈಯಲ್ಲಿ, ಇನ್ನೊಂದು ಕೈ ಇಟ್ಟಿಗೆಯ ಮೇಲೆ.

ಅವನನ್ನು ಮಣ್ಣು ಮಾಡುವ ದಿನ ತಬಿತಾ ಬಿಳಿ ರಿಬ್ಬನ್ನು ಕಟ್ಟಿಕೊಂಡು ಬಂದಳು. ಯಾರೂ ಕೇಳಿರಲಿಲ್ಲ. ದೇವರ ಹೊಲದ ಗೇಟಿನಲ್ಲಿ, ತಲೆಗೂದಲು ಪೂರಾ ನರೆತಿದ್ದ ಕರ್ಶಾ ಅವಳ ಪಕ್ಕಕ್ಕೆ ಬಂದ. ಮೆಲ್ಲಗೆ ಕೇಳಿದ. "ಈಗಲಾದ್ರೂ ಆ ಗೋಡೆ ಮುಚ್ಚೋಣ್ವಾ ತಂಗಿ?"

"ಬಿಳೀದು ಕಟ್ಕೋತೀನಿ ಅಂದಿದ್ದೆ, ಕಟ್ಕೊಂಡೆ. ಗೋಡೆ ಮುಚ್ತೀನಿ ಅಂತ ನಾನು ಯಾವತ್ತೂ ಅಂದಿಲ್ಲ ಕರ್ಶಾಣ್ಣ."

"ಇನ್ಯಾರಿಗೋಸ್ಕರ?"

"ಬರ್ತಾರೆ. ಗಂಡ ಸತ್ತೋರೆಲ್ಲ ಕೈಬೀಸ್ಕೊಂಡೇ ಬರಲ್ಲ. ಕೆಲವರ ಕೈಯಲ್ಲಿ ಯಾರಾದ್ರೂ ಇರ್ತಾರೆ."

ಬಂದರು. ಕುಂಟು ತಂಗಿಯನ್ನು ಕರೆದುಕೊಂಡು ಒಬ್ಬಳು, ಬುದ್ಧಿ ಬೆಳೆಯದ ಮಗನನ್ನು ಕರೆದುಕೊಂಡು ಇನ್ನೊಬ್ಬಳು. ಅವರ ಪೆಟ್ಟಿಗೆ ವಿಧವೆಯರ ಕಡೆ, ಕೈಹಿಡಿದು ಬಂದವರ ಹಾಸಿಗೆ ಮುದುಕನಿದ್ದ ಕಡೆ, ನಡುವೆ ಜೇಬೆಜನ ಕಮಾನು. ಯಾವ ಹಿರಿಯರೂ ಅದಕ್ಕೆ ಅಪ್ಪಣೆ ಕೊಡಲಿಲ್ಲ. ಯಾವ ಚೀಟಿಯನ್ನೂ ಎತ್ತಲಿಲ್ಲ.

ಒರೆಸಿ ಜೋಡಿಸಿದ ಇಟ್ಟಿಗೆಗಳು ಹಿತ್ತಿಲಲ್ಲಿ ಹಾಗೆಯೇ ಇದ್ದವು. ಸಾಯುವ ವರ್ಷದವರೆಗೂ ತಬಿತಾ ಸಂಜೆಯಾದರೆ ಅವುಗಳ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಅಲ್ಲಿಂದ ನೇರ ಎದುರಿಗೆ ಪಾರುಪತ್ಯಗಾರನ ಕಚೇರಿಯ ಕಿಟಕಿ. ಕರ್ಶಾ ತಲೆಯೆತ್ತಿದಾಗಲೆಲ್ಲ ಅವಳು ಚಾಕು ಹಿಡಿದ ಕೈಯಿಂದಲೇ ಕೆಳಗಿನ ಇಟ್ಟಿಗೆಯನ್ನು ತಟ್ಟಿ ತೋರಿಸುತ್ತಿದ್ದಳು: ಇಲ್ಲೇ ಇವೆ, ಬೇಕಾದರೆ ಬಂದು ತಗೊಳ್ಳಿ.